ಬದುವಿನ ಮೇಲಿನ ಬಾಟಲಿ

ಉಮಾಶ್ರೀ ಟೀಚರು ನಮ್ಮ ಶಾಲೆಗೆ ಬಂದ ಮೇಲೆ ನನ್ನ ಶನಿವಾರದ ನೆಮ್ಮದಿ ಹೋಯಿತು. ಚೀಲವಿಲ್ಲದ ಶನಿವಾರ ಅಂದರೆ ಮಕ್ಕಳನ್ನು ಒಂದಿಷ್ಟು ಹಾಡಿಸಿ, ಕುಣಿಸಿ ಮನೆಗೆ ಅಟ್ಟುವ ದಿನ ಎಂದು ಹೆಡ್ ಮಾಸ್ತರನಾದ ನಾನು ತಿಳಿದಿದ್ದೆ. ಆಕೆ ಮಕ್ಕಳನ್ನು ಹಳ್ಳಕ್ಕೆ ಕರೆದೊಯ್ದು ಏಡಿ ಹಿಡಿಸಿದಳು, ಎರೆಹೊಲದ ಬಿರುಕಿನಲ್ಲಿ ಕೋಲು ಇಳಿಸಿ ಆಳ ನೋಡಿಸಿದಳು. "ಕೈ ಹೊಲಸಾಗ್ಲಿಲ್ಲ ಅಂದ್ರ ಪಾಠ ತಲಿಗೆ ಇಳಿಯೂದಿಲ್ರಿ ಸರ್" ಅನ್ನುತ್ತಿದ್ದಳು. ಗಜೇಂದ್ರಗಡದ ಪೇಟೆಯಲ್ಲಿ ಬೆಳೆದ ಹುಡುಗಿ. ಹೊಲದ ಮೇಲೆ ಇಷ್ಟು ಉಮೇದು ಪೇಟೆಯವರಿಗೇ ಸೈ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಆದರೆ ವಾರವೆಲ್ಲ ಹೊಟ್ಟೆನೋವು ಹೇಳುವ ಮಕ್ಕಳೂ ಶನಿವಾರ ತಪ್ಪಿಸುತ್ತಿರಲಿಲ್ಲ. ಅದನ್ನು ನಾನು ಅಲ್ಲಗಳೆಯಲಾರೆ.

ಅಬ್ಬಿಗೇರಿಯ ಆಚೆಗಿರುವ ನಮ್ಮ ಸಣ್ಣ ಊರಿನಲ್ಲಿ ಕಡಲೆ ಗಿಡ ಕಾಯಿ ಕಟ್ಟುವ ಕಾಲಕ್ಕೆ ಒಂದು ರೂಢಿ ಇದೆ. ದಾರಿಹೋಕರು ಯಾರ ಹೊಲದಲ್ಲಾದರೂ ಒಂದು ಹಿಡಿ ಹಸಿಗಡಲೆ ಕಿತ್ತು ತಿನ್ನಬಹುದು, ಅದನ್ನು ಯಾರೂ ಕಳವು ಅನ್ನುವುದಿಲ್ಲ. ಕೀಡೆ ಹುಳಕ್ಕೆ ಔಷಧಿ, ನಮ್ಮವರ ಬಾಯಲ್ಲಿ ಎಣ್ಣಿ, ಹೊಡೆದಿದ್ದರೆ ಮಾತ್ರ ಹೊಲದವನು ಅದರ ಖಾಲಿ ಬಾಟಲಿಯನ್ನು ಬದುವಿನ ಮೇಲೆ ಒಂದು ಕೋಲಿಗೆ ಬೋರಲು ಸಿಗಿಸಿರುತ್ತಾನೆ. ಬಾಟಲಿ ಕಂಡ ಹೊಲಕ್ಕೆ ಕೈ ಹಾಕಬಾರದು. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತೇ ಇರುತ್ತದೆ. ಉಮಾಶ್ರೀಗೆ ರೂಢಿಯ ಮೊದಲರ್ಧವಷ್ಟೇ ಗೊತ್ತಿತ್ತು.

ಆ ಶನಿವಾರ ಆಕೆ ಐದನೇ ತರಗತಿಯ ಮಕ್ಕಳ ಕೈಗೆ ಗೊಬ್ಬರದ ಖಾಲಿ ಚೀಲ ಕೊಟ್ಟು, ಬಂಡಿದಾರಿಯ ಪ್ಲಾಸ್ಟಿಕ್ ಆರಿಸುತ್ತ ಮುಂದೆ ನಡೆಯಲು ಹೇಳಿದಳು. ನಾಲ್ಕನೇ ತರಗತಿಯ ಸಣ್ಣವರೊಡನೆ ತಾನು ಹಿಂದೆ ಬಂದಳು. ನಮ್ಮೂರ ಮುದುಕ ಮದರಸಾಬನ ಕಡಲೆ ಹೊಲ ಹುಲುಸಾಗಿತ್ತು. ಗಿಡ ಕಿತ್ತು ಬೇರಿನ ಗಂಟು ತೋರಿಸಿದಳು. "ಎಲಿ ನೆಕ್ಕಿ ನೋಡ್ರಿ, ಹೆಂಗ ಹುಳಿ ಹತ್ತತೈತಿ" ಎಂದಳು. ಮಕ್ಕಳು ನೆಕ್ಕಿದರು, ಒಂದೊಂದು ಕಾಯಿ ಸುಲಿದು ತಿಂದರು. ನಮ್ಮ ಬಿಸಿಯೂಟದ ಚನ್ನವ್ವನ ಮಗಳು ರೂಪಾ ಮಾತ್ರ ಉಡಿ ತುಂಬ ಕಿತ್ತುಕೊಂಡು ದಾರಿಯುದ್ದಕ್ಕೂ ತಿಂದಳು.

ಶಾಲೆ ಮುಟ್ಟುವ ಮೊದಲೇ ರೂಪಾ ಕುಸಿದಳು. ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು. ಎದುರಿಗೆ ಬರುತ್ತಿದ್ದ ಮದರಸಾಬ ಮಗುವಿನ ಉಡಿಯಲ್ಲಿದ್ದ ಕಾಯಿ ನೋಡಿ, "ಯಾ ಹೊಲದಾಗ ಕಿತ್ತೀರಿ?" ಎಂದಷ್ಟೇ ಕೇಳಿದ. ಉತ್ತರ ಕೇಳಿದವನೇ ತನ್ನ ಬೈಕಿನ ಮೇಲೆ ಉಮಾಶ್ರೀ ಮತ್ತು ರೂಪಾಳನ್ನು ಕೂರಿಸಿಕೊಂಡು ರೋಣದ ದವಾಖಾನೆಗೆ ಓಡಿಸಿದ. ಚನ್ನವ್ವನನ್ನು ಕರೆದುಕೊಂಡು ನಾನು ಹಿಂದೆ ಹೋದೆ.  

ಒಂದೊಂದೇ ಕಾಯಿ ತಿಂದ ಉಳಿದ ಮಕ್ಕಳಿಗೆ ಏನೂ ಆಗಿರಲಿಲ್ಲ. ರೂಪಾಳನ್ನು ಒಳಗೆ ಮಲಗಿಸಿದ್ದರು. ಉಳಿಯುತ್ತಾಳೋ ಇಲ್ಲವೋ ಎಂದು ಡಾಕ್ಟರು ಇನ್ನೂ ಹೇಳಿರಲಿಲ್ಲ. ಆಗ ಚನ್ನವ್ವನ ಅಣ್ಣ ರಾಯಣ್ಣ ಬಂದ. ಬರುವ ಮೊದಲು ಹೊಲ ನೋಡಿಕೊಂಡೇ ಬಂದಿದ್ದ.

"ಎಣ್ಣಿ ಹೊಡದು ಬಾಟ್ಲಿ ಯಾಕ ಹಚ್ಚಲಿಲ್ಲೋ?" ಎಂದು ಮದರಸಾಬನ ಎದುರು ನಿಂತ.

"ಹಚ್ಚೀನಿ ತಮ್ಮಾ. ನಿನ್ನಿ ಸಂಜಿಮುಂದ ಕೈಯಾರ ಹಚ್ಚೀನಿ."

"ಹಂಗಾರ ಎಲ್ಲೈತಿ? ರೆಕ್ಕಿ ಬಂದು ಹಾರಿ ಹೋತೇನು?"

ಅಷ್ಟು ಕೇಳಿ ರಾಯಣ್ಣ ಬಾಗಿಲಲ್ಲಿದ್ದ ತಂಗಿಯ ಕಡೆ ಹೋದ. ಉಮಾಶ್ರೀ ನನ್ನ ಕಡೆ ಬಾಗಿ, "ಯಾವ ಬಾಟ್ಲಿರಿ ಸರ್?" ಎಂದಳು. ಹೇಳಿದೆ. ಆಕೆಯ ಮುಖ ಬಿಳಚಿಕೊಂಡಿತು.

"ತಬಸ್ಸುಮ ಕೇಳಿದ್ಲ್ರಿ ಸರ್. ದೂರಿಂದ ಒದರಿ ಕೇಳಿದ್ಲು, 'ಟೀಚರ, ಇದು ನಮ್ಮಜ್ಜನ ಬಾಟ್ಲಿ, ಇದನ್ನೂ ಹಾಕ್ಲೇನ್ರಿ' ಅಂತ. ಯಾರದಾದ್ರೇನು, ಒಂದೂ ಬಿಡಬ್ಯಾಡ ಅಂದ್ನಿ."

ತಬಸ್ಸುಮ ಐದನೇ ತರಗತಿಯ ಹುಡುಗಿ, ಮದರಸಾಬನ ಮೊಮ್ಮಗಳು. ಆತ ನಮ್ಮ ಪಕ್ಕದಲ್ಲೇ ಗೋಡೆಗೆ ಒರಗಿದ್ದ. ಕೇಳಿಸಿಕೊಂಡ ಎಂಬುದು ಆತನ ಕಣ್ಣಲ್ಲೇ ಕಂಡಿತು. ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ರಾಯಣ್ಣನ ಹತ್ತಿರ ಹೋದ.

"ಇಲ್ಲ ತಮ್ಮಾ. ಮರತ್ನಿ. ನಾ ಹಚ್ಚೇ ಇಲ್ಲ."

ರಾಯಣ್ಣ ಆತನ ಕೊರಳಪಟ್ಟಿ ಹಿಡಿದ. "ನಡಿ ಸ್ಟೇಷನ್ನಿಗೆ" ಎಂದ. ಮುದುಕ ಬಿಡಿಸಿಕೊಳ್ಳಲೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಎಮ್ಮೆ ತಾನೇ ಬಂದು ಬೆನ್ನು ಕೊಟ್ಟು ನಿಂತಿತ್ತು. ನಿಜ ಹೇಳಿ ಆತನನ್ನು ಬಿಡಿಸಬೇಕಾದವನು ನಾನು. ಆದರೂ ಬಾಯಿಂದ ಹೊರಟದ್ದು ಬೇರೆ ಮಾತು: "ಸುಮ್ಮ ಕುಂದರ್ರಿ ಟೀಚರ. ಆತನೇ ಒಪ್ಪಿಕೊಂಡಾನ. ನೀವು ಬಾಯಿ ಬಿಟ್ರ ನೌಕರಿ ಹೋಗತೈತಿ, ಆ ತಬಸ್ಸುಮಳ ಹೆಸರೂ ಊರೆಲ್ಲ ಆಗತೈತಿ."

ಆಕೆ ನನ್ನನ್ನು ನೋಡಿದ ರೀತಿ ನನಗೆ ಇಂದಿಗೂ ಚುಚ್ಚುತ್ತದೆ. ಎದ್ದು ಹೋಗಿ ರಾಯಣ್ಣನ ಕೈ ಹಿಡಿದು ಬಿಡಿಸಿದಳು.

"ಅವರು ಹಚ್ಚಿದ್ರು. ನಾನೇ ಕಿತ್ತು ಕಸದ ಚೀಲಕ್ಕ ಹಾಕೀನಿ. ಸಾಲಿ ಹಿತ್ತಲದಾಗ ಐತಿ, ನೋಡ್ರಿ."

ರಾಯಣ್ಣ ಹಿಂದೆ ಸರಿದ. ಮದರಸಾಬ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಬಾಗಿಲಲ್ಲಿ ಕೂತಿದ್ದ ಚನ್ನವ್ವ ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದುಕೊಂಡೆ. ಆಕೆ ಮೆಲ್ಲಗೆ ಹೇಳಿದಳು:

"ಶನಿವಾರ ಬಂದ್ರ ನನ್ನ ಮಗಳು ಮುಂಜಾನಿ ಉಣ್ಣಾಕೂ ನಿಂದರ್ತಿದ್ದಿಲ್ಲರಿ ಟೀಚರ. ನಿಮ್ಮ ಕೂಡ ಹೋಗಬೇಕಂತ ಓಡಿ ಬರ್ತಿದ್ಲು. ಹಸದಾಕಿ ತಿಂದಾಳ."

ಉಮಾಶ್ರೀ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ರೂಪಾ ಉಳಿದಳು. ಬಹಳ ದಿನಗಳ ನಂತರ ಶಾಲೆಗೂ ಬಂದಳು, ಸೊರಗಿದ ಮುಖದಲ್ಲೇ ಗೆಳತಿಯರೊಡನೆ ಜಗಳ ತೆಗೆದಳು. ಮೇಲಿನವರ ನೋಟಿಸಿಗೆ ಉಮಾಶ್ರೀ ಉತ್ತರ ಬರೆದಳು. ಅದರಲ್ಲಿಯೂ ಬಾಟಲಿ ಕಿತ್ತವಳು ತಾನೇ. ನೌಕರಿ ಉಳಿಯಿತು, ಶನಿವಾರ ಹೋಯಿತು. ಈಗ ಶನಿವಾರ ಬಂದರೆ ಬಾಗಿಲು ಹಾಕಿಕೊಂಡು ಹಲಗೆಯ ಮೇಲೆ ಕಡಲೆ ಗಿಡದ ಚಿತ್ರ ಬರೆಸುತ್ತಾಳೆ. ನಾನು ಬಯಸಿದ್ದ ನೆಮ್ಮದಿ ಇದೇ. ಈಗ ಅದು ನನಗೆ ಬೇಡವಾಗಿದೆ.

ಬಾಟಲಿಯ ಮಾತನ್ನು ತಬಸ್ಸುಮಳ ಎದುರು ಯಾರೂ ಎತ್ತಿಲ್ಲ. ಗುಟ್ಟು ಮೊಮ್ಮಗಳಿಗೆ ಮುಟ್ಟಿಲ್ಲ ಎಂದೇ ಮದರಸಾಬ ತಿಳಿದಿದ್ದಾನೆ. ಮೊನ್ನೆ ನಾನು ವರಾಂಡದಿಂದ ನೋಡುತ್ತಿದ್ದೆ. ಉಮಾಶ್ರೀಯ ಕೈಯಿಂದ ಸೀಮೆಸುಣ್ಣದ ಕಡ್ಡಿ ಜಾರಿ ತಬಸ್ಸುಮಳ ಕಾಲ ಹತ್ತಿರ ಉರುಳಿತು.

"ತೊಗೊಂಡು ಕೊಡವಾ" ಎಂದಳು ಉಮಾಶ್ರೀ.

ತಬಸ್ಸುಮ ಎದ್ದು ನಿಂತು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಅದು ಅಲ್ಲೇ ಇರ್ಲಿ ಬಿಡ್ರಿ ಟೀಚರ" ಎಂದಳು. "ಯಾರೋ ಇಟ್ಟಿರ್ತಾರ."