ನಾಲ್ಕು ಮೂಲೆಯ ಅಂಟು

ಬೋರ್ಡು ಬರೆಯುವವನ ಅಕ್ಷರವಿಲ್ಲದ ಅಂಗಡಿ ಆ ಬೀದಿಯಲ್ಲಿ ಒಂದೂ ಇರಲಿಲ್ಲ. ದರ್ಜಿ, ಹಲ್ಲಿನ ಡಾಕ್ಟರು, ಸೈಕಲ್ ರಿಪೇರಿ, ಎಲ್ಲರ ಹೆಸರೂ ಅವನ ಕುಂಚದಿಂದಲೇ ಇಳಿದದ್ದು. ಅಂಥ ಮಹಾಶಯ ಮೂರು ದಿನದಿಂದ ಒಂದು ವಿಮೆ ಫಾರಂ ಮುಂದಿಟ್ಟುಕೊಂಡು, ಒಂದು ಖಾಲಿ ಗೆರೆಯ ಮೇಲೆ ಮೂರು ಅಕ್ಷರ ಬರೆಯಲಾರದೆ ಕೂತಿದ್ದ. 'ಈಗಾಗಲೇ ಇರುವ ಕಾಯಿಲೆ' ಎಂದು ಫಾರಂ ಕೇಳುತ್ತಿತ್ತು. ಎಚ್‌ಐವಿ ಎಂದು ಬರೆಯಬೇಕಿತ್ತು.

ಹತ್ತೊಂಬತ್ತು ವರ್ಷದಿಂದ ಅದು ಅವನ ಮೈಯಲ್ಲಿತ್ತು. ದಿನಾ ಮಾತ್ರೆ ನುಂಗುತ್ತ, ಏಣಿ ಹತ್ತಿ ಇಳಿಯುತ್ತ ಗಟ್ಟಿಮುಟ್ಟಾಗಿಯೇ ಇದ್ದ. ವಿಷಯ ಗೊತ್ತಿದ್ದವಳು ಅಕ್ಕ ಒಬ್ಬಳೇ, ಅವಳು ಹೋಗಿ ಒಂದು ವರ್ಷವಾಗಿತ್ತು. ಹೋದ ತಿಂಗಳು ಏಣಿ ಜಾರಿ ಬಿದ್ದಾಗ ಸದ್ಯ, ಮೂಳೆ ಮುರಿಯಲಿಲ್ಲ. ಆದರೆ ನೆಲದ ಮೇಲೆ ಅಂಗಾತ ಬಿದ್ದಿದ್ದಾಗ, ನಾಳೆ ಆಸ್ಪತ್ರೆ ಸೇರುವ ಹಾಗಾದರೆ ನನಗೆ ಯಾರು ದಿಕ್ಕು ಎನ್ನಿಸಿತ್ತು.

ಕ್ಲಿನಿಕ್ಕಿನ ಸಲಹೆಗಾರ್ತಿ ಬಿಡಿಸಿ ಹೇಳಿದ್ದಳು. "ಮುಚ್ಚಿಟ್ಟು ಸಾಧಾರಣ ಪಾಲಿಸಿ ತಗೋಬಹುದು. ಕಂತು ಕಟ್ಟೋವಾಗ ಯಾರೂ ಏನೂ ಕೇಳಲ್ಲ. ಆಸ್ಪತ್ರೆ ಬಿಲ್ ಕೊಟ್ಟ ದಿನ ಹಳೇದನ್ನೆಲ್ಲ ಕೆದಕಿ, ಸುಳ್ಳು ಹೇಳಿದ್ರಿ ಅಂತ ಕೈಯೆತ್ತಿಬಿಡ್ತಾರೆ. ನಿಮ್ಮ ಪೇಂಟರ್ ಸಂಘದ ಗುಂಪು ವಿಮೆ ಇದೆ, ಅಲ್ಲಿ ಕಾಯಿಲೆ ಕೇಳಲ್ಲ. ಆದ್ರೆ ಅದು ಅರವತ್ತಕ್ಕೆ ನಿಂತುಹೋಗುತ್ತೆ, ನಿಮಗೆ ಈಗಲೇ ಐವತ್ತೆಂಟು. ಹೇಳ್ಕೊಂಡೇ ತಗೊಳ್ಳೋ ಪಾಲಿಸಿ ಈ ಫಾರಂನದು. ಮೂಳೆ, ಹೃದಯ, ಏನಾದ್ರೂ ನೋಡ್ಕೊಳ್ತಾರೆ. ಮೊದಲಿಂದ ಔಷಧಿ ತಪ್ಪಿಸಿಲ್ಲ ಅನ್ನೋಕೆ ದಾಖಲೆ ಬೇಕು, ಅಷ್ಟೇ."

ಅಷ್ಟೇ ಅಂತೆ! ಹಳೆಯ ಕ್ಲಿನಿಕ್ಕು ಬಾಗಿಲು ಹಾಕಿತ್ತು, ಹೊಸದರಲ್ಲಿ ನಾಲ್ಕೇ ವರ್ಷದ ಕಾಗದವಿತ್ತು. ಮನೆಯಲ್ಲಿದ್ದ ಚೀಟಿಗಳನ್ನು, ಯಾರ ಕಣ್ಣಿಗೂ ಬೀಳಬಾರದೆಂದು, ಅಕ್ಕ ಒಂದೂ ಬಿಡದೆ ಒಲೆಗೆ ಹಾಕಿದ್ದಳು. ಉಳಿದದ್ದು ಕ್ಲಿನಿಕ್ಕಿನ ಲೇಬಲ್ಲಿದ್ದ ಮಾತ್ರೆಯ ಖಾಲಿ ಡಬ್ಬಿಗಳು ಮಾತ್ರ.

ಆ ಡಬ್ಬಿಗಳ ನೆನಪಾದರೆ ಅವನಿಗೆ ಈಗಲೂ ನಗು ಬರುತ್ತಿತ್ತು. ತಿಂಗಳ ಮಾತ್ರೆ ಬಂದ ಕೂಡಲೇ ಅಕ್ಕ, "ಇದಕ್ಕೊಂದು ಹೆಸರು ಬರ್ಕೊಡೋ" ಎಂದು ಎದುರಿಗೆ ಕೂರುತ್ತಿದ್ದಳು. ಅವನು ಸಣ್ಣ ಕುಂಚ ಹಿಡಿದು, ಕಾಗದದ ಪಟ್ಟಿಯ ಮೇಲೆ 'ಗ್ಯಾಸಿಗೆ' ಎಂದು ಅಕ್ಷರದ ನೆರಳು ಸಮೇತ ಬರೆಯುತ್ತಿದ್ದ. ಅದನ್ನು ಅವಳು ಔಷಧದ ಲೇಬಲ್ಲಿನ ಮೇಲೆ ಅಂಟಿಸುತ್ತಿದ್ದಳು. ಅಂಟಿಸುವ ಚಂದವೋ, ದೇವರಿಗೇ ಪ್ರೀತಿ, ಪಟ್ಟಿ ನಡುವೆ ಉಬ್ಬಿಕೊಂಡೇ ಇರುತ್ತಿತ್ತು. "ಪೂರ್ತಿ ಅಂಟು ಸವರಬಾರದಾ? ನನ್ನ ಕೆಲಸದ ಮಾನ ಕಳೀತೀಯಲ್ಲೇ" ಎಂದು ಅವನು ರೇಗಿದರೆ, "ನಿನ್ನ ಜಂಬ ಬೀದಿಯಲ್ಲಿಟ್ಕೋ" ಎನ್ನುತ್ತಿದ್ದಳು.

ಒಮ್ಮೆ ಭಾವ ಹೊಟ್ಟೆ ಬಿರಿಯ ಉಂಡು, "ನಿನ್ನ ತಮ್ಮನ ಗ್ಯಾಸಿನ ಮಾತ್ರೆ ಒಂದು ಕೊಡೇ" ಎಂದು ಡಬ್ಬಿಗೇ ಕೈ ಹಾಕಿದ್ದರು. ಅಕ್ಕ ಗಾಬರಿಯಲ್ಲಿ, "ಅದು ಗಂಡಸರಿಗೆ ಆಗಲ್ಲ" ಎಂದುಬಿಟ್ಟಳು. "ಮತ್ತೆ ನಿನ್ನ ತಮ್ಮ ಯಾರು?" ಎಂದು ಭಾವ ಕೇಳಿದ ಪ್ರಶ್ನೆಗೆ ಅವರು ತೀರಿಹೋಗುವವರೆಗೂ ಉತ್ತರ ಸಿಗಲಿಲ್ಲ. ಮಾರನೆಯ ದಿನದಿಂದ ಪಟ್ಟಿಯ ಮೇಲೆ 'ಹಲ್ಲುನೋವಿಗೆ' ಎಂದಾಯಿತು. ಭಾವನ ಬಾಯಲ್ಲಿದ್ದದ್ದೆಲ್ಲ ಕಟ್ಟಿಸಿದ ಹಲ್ಲು.

ಖಾಲಿ ಡಬ್ಬಿಗಳಲ್ಲಿ ಅಕ್ಕ ಸಾಸಿವೆ, ಗುಂಡಿ, ಸೂಜಿ ತುಂಬಿಡುತ್ತಿದ್ದಳು. ಈಗ ಅವು ಅವಳ ಮಗಳ ಅಡುಗೆಮನೆಯಲ್ಲಿದ್ದವು. ಕೇಳಬೇಕಾದರೆ ಕಾರಣ ಹೇಳಬೇಕು. ಹೇಳಿದರೆ, ಅವಳ ಮೂರು ವರ್ಷದ ಮಗುವನ್ನು ನಾಳೆಯಿಂದ ತನ್ನ ಹತ್ತಿರ ಬಿಡುತ್ತಾಳೋ ಇಲ್ಲವೋ? ಅವನನ್ನು ಮೂರು ದಿನ ಕೂರಿಸಿದ್ದು ಫಾರಂ ಅಲ್ಲ, ಈ ಹೆದರಿಕೆ.

ನಾಲ್ಕನೆಯ ದಿನ ಹೋದ. ಅಕ್ಕನ ಮಗಳು ಬಸ್ ಕಂಡಕ್ಟರ್, ಅಂದು ಅವಳಿಗೆ ರಜೆ. ತರಕಾರಿ ಹೆಚ್ಚುತ್ತ ಕೂತಿದ್ದಳು, ಮಗು ಅವಳ ಸೆರಗು ಹಿಡಿದು ನೇತಾಡುತ್ತಿತ್ತು. ಅವನು ಬಾಗಿಲಲ್ಲೇ ನಿಂತು, ಮುಖ ನೋಡದೆ ಎಲ್ಲ ಹೇಳಿದ. ಯಾವ ಕಾಯಿಲೆ, ಯಾವಾಗಿನಿಂದ, ಫಾರಂ ಯಾಕೆ, ಡಬ್ಬಿ ಯಾಕೆ.

ಹೆಚ್ಚುವ ಸದ್ದು ನಿಂತಿತು. ಅವಳು ಎದ್ದು ಕೈ ತೊಳೆದಳು. ಮಗುವನ್ನು ಎತ್ತಿಕೊಂಡಳು. ಒಳಗೆ ಕರೆದುಕೊಂಡು ಹೋಗುತ್ತಾಳೆ, ಮುಗಿಯಿತು ಎಂದುಕೊಂಡ ಅವನು.

"ಕೂತ್ಕೋ ಮಾಮ. ಇವಳನ್ನ ಹಿಡ್ಕೋ" ಎಂದು ಅವಳು ಮಗುವನ್ನು ತಂದು ಅವನ ತೊಡೆಯ ಮೇಲೆ ಕೂರಿಸಿದಳು. "ಡಬ್ಬಿ ಇಳಿಸೋಕೆ ನನಗೆ ಎರಡೂ ಕೈ ಬೇಕು."

ಮಗು ಅವನ ಜೇಬಿನಲ್ಲಿದ್ದ ಕುಂಚ ಕಿತ್ತುಕೊಂಡಿತು.

ಅವಳು ಸಾಸಿವೆಯನ್ನು ತಟ್ಟೆಗೆ ಸುರಿದು, 'ಹಲ್ಲುನೋವಿಗೆ' ಪಟ್ಟಿಯ ಕೆಳಗೆ ಉಗುರು ತೂರಿಸಿದಳು. ಹರಿಯದೆ, ಇಡಿಯಾಗಿ ಎದ್ದು ಬಂತು. ಕೆಳಗೆ ಅವನ ಹೆಸರು, ಔಷಧದ ಹೆಸರು, ಕೊಟ್ಟ ತಾರೀಖು ನಿನ್ನೆ ಅಚ್ಚು ಹಾಕಿದಷ್ಟು ಸ್ಪಷ್ಟ.

"ಅಮ್ಮ ನಡುವೆ ಅಂಟೇ ಹಾಕಿಲ್ಲ. ನಾಲ್ಕು ಮೂಲೆಗೆ ಮಾತ್ರ" ಎಂದಳು. ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಎಲ್ಲ ಹಾಗೇ. "ಅಟ್ಟದ ಮೇಲೆ ಎರಡು ಚೀಲ ಇದೆ. ಎಸೀಬೇಡ, ನಿನ್ನ ಮಾಮ ಒಂದಿನ ಕೇಳ್ತಾನೆ ಅಂದಿದ್ಳು. ವರ್ಷದಿಂದ ಕಾಯ್ತಿದೀನಿ, ಏನಕ್ಕೆ ಅಂತ ಗೊತ್ತಿಲ್ಲದೆ."

ಅಷ್ಟೂ ವರ್ಷ ಅಕ್ಕನ ಕೈಗೆ ಹದವಿಲ್ಲ ಎಂದು ಬೈದದ್ದೆಲ್ಲ ನೆನಪಾಗಿ, ಅವನು ಮಗುವಿನ ನೆತ್ತಿಗೆ ಮುಖವಿಟ್ಟು ಅತ್ತುಬಿಟ್ಟ.

ಆಮೇಲೆ ಫಾರಂ ತೆಗೆದು ಮೂರು ಅಕ್ಷರ ಬರೆದ. ಕೈಯ ಅಭ್ಯಾಸ ಎಲ್ಲಿ ಹೋಗುತ್ತದೆ, ಗೆರೆಯಿಂದಾಚೆ ಚಾಚುವಷ್ಟು ದಪ್ಪಗೆ ಬಂದವು. "ಬೋರ್ಡಲ್ಲ ಮಾಮ ಅದು" ಎಂದು ಗದರಿ ಅವಳು ಪೆನ್ನು ಕಸಿದುಕೊಂಡಳು. ಅವನು ಖಾಲಿ ಬಿಟ್ಟಿದ್ದ ನಾಮಿನಿಯ ಜಾಗದಲ್ಲಿ, ಕೇಳದೆಯೇ ತನ್ನ ಹೆಸರು ಬರೆದಳು.

ಲೇಬಲ್ಲುಗಳ ಫೋಟೋ ತೆಗೆದದ್ದಾಯಿತು. ಸಾಸಿವೆಯನ್ನು ಡಬ್ಬಿಗೆ ತುಂಬಿ, 'ಹಲ್ಲುನೋವಿಗೆ' ಪಟ್ಟಿಯನ್ನು ಅವಳು ಮತ್ತೆ ಅಂಟಿಸಿದಳು, ನಾಲ್ಕು ಮೂಲೆಗೆ ಮಾತ್ರ.