ಮಗಳ ಕುರ್ಚಿಯಲ್ಲಿ

ಕುರ್ಚಿ ಬದಲಾಯಿಸಿಕೊಳ್ಳಿ ಎಂದು ಸಲಹೆಗಾರ್ತಿ ಹೇಳಿದಾಗ, ಅದರ ಕಾಲು ಸಡಿಲವಾಗಿದೆಯೇನೋ ಎಂದುಕೊಂಡು ಅಪ್ಪ ಬಗ್ಗಿ ನೋಡಿದ. ಅವನು ಬಸ್ ಚಾಲಕ. ಪಾಳಿ ಮುಗಿಸಿ ಡಿಪೋದಿಂದ ನೇರ ಬಂದಿದ್ದ. ಹದಿನಾರರ ಮಗಳು ಆಗಲೇ ಎದ್ದು ನಿಂತಿದ್ದಳು.

"ಹಾಗಲ್ಲ. ಈಗ ನೀವು ಮಗಳು, ಅವಳು ಅಪ್ಪ," ಎಂದಳು ಸಲಹೆಗಾರ್ತಿ.

ಮಗಳು ಸಾಯಲು ಹೋಗಿ ಉಳಿದು ಬಂದ ಮೇಲೆ ಮೊದಮೊದಲು ಅವಳೊಬ್ಬಳನ್ನೇ ಕೂರಿಸಿ ಮಾತಾಡಿಸಿದ್ದರು. ದೊಡ್ಡವರಿಗೆ ಒಗ್ಗುವ ಆ ಪದ್ಧತಿ ಇವಳ ಹತ್ತಿರ ನಡೆಯಲಿಲ್ಲ; ಅವಳು ತುಟಿಪಿಟಕ್ಕೆನ್ನಲಿಲ್ಲ. ಮನೆಯವರನ್ನೂ ಜೊತೆಗೆ ಕೂರಿಸೋಣವೆಂದಾಯಿತು. ಅಮ್ಮ ಬಂದಳು, ಬಂದಾಗಲೆಲ್ಲ ಅತ್ತಳು. ಮಗಳೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಹಾಗಾಗಿ ಈ ಸಲ ಅಪ್ಪ. ಯಾರಾದರೂ ಬುದ್ಧಿ ಹೇಳುತ್ತಾರೆ ಎಂದುಕೊಂಡು ಬಂದವನಿಗೆ ಇದು ಚಿಕಿತ್ಸೆಯೋ ನಾಟಕವೋ ತಲೆಬುಡ ತಿಳಿಯಲಿಲ್ಲ.

ಮಗಳು ಅವನ ಕುರ್ಚಿಯಲ್ಲಿ ಕಾಲು ಅಗಲಿಸಿ ಕೂತು ಕತ್ತನ್ನು ಲಟಕ್ಕೆಂದು ತಿರುಗಿಸಿದಳು. ತಾನು ಹಾಗೆ ಮಾಡುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ.

"ಯಾಕೆ ಮುಖ ಹಾಗಿಟ್ಕೊಂಡಿದೀಯ?" ಅವನದೇ ಗಡಸು ದನಿ.

ಇದಕ್ಕೆ ಮಗಳು ಏನು ಹೇಳುತ್ತಾಳೆ? ಅವನು ಮನೆ ಸೇರುವಷ್ಟರಲ್ಲಿ ಅವಳ ಕೋಣೆಯ ದೀಪ ಆರಿರುತ್ತಿತ್ತು. ತಡಕಾಡಿ ತಡಕಾಡಿ, ಯಾವಾಗ ಕೇಳಿದರೂ ಅವಳಿಂದ ಸಿಗುತ್ತಿದ್ದ ಉತ್ತರವನ್ನೇ ಕೊಟ್ಟ.

"ಏನಿಲ್ಲ."

"ಸರಿ ಹಾಗಾದ್ರೆ," ಎಂದು ಮಗಳು ಎದ್ದು ಬಾಗಿಲ ಕಡೆ ನಡೆದಳು.

ಇಷ್ಟೇನಾ? ಅವಳ ಕೈ ಆಗಲೇ ಹಿಡಿಕೆಯ ಮೇಲಿತ್ತು.

"ಹೋಗ್ಬೇಡ," ಎಂದ. "ಇನ್ನೊಂದ್ಸಲ ಕೇಳು."

ಅದನ್ನು ಹೇಳಿದ್ದು ತಾನೋ, ತಾನು ಆಡುತ್ತಿದ್ದ ಮಗಳೋ ಅವನಿಗೆ ಗೊತ್ತಾಗಲಿಲ್ಲ. ತಪ್ಪಾಯಿತೇ ಎಂದು ಸಲಹೆಗಾರ್ತಿಯನ್ನು ಕೇಳಿದ. ಅವಳು ಹೌದೂ ಅಲ್ಲ, ಇಲ್ಲವೂ ಅಲ್ಲ ಎಂಬಂತೆ ತಲೆಯಾಡಿಸಿದಳು.

"ಅಪ್ಪ ಇನ್ನೊಂದ್ಸಲ ಕೇಳಲ್ಲ," ಎಂದಳು ಮಗಳು, ಸಲಹೆಗಾರ್ತಿಯ ಕಡೆ ತಿರುಗಿ. ಆಟ ಮುಗಿಯಿತೋ ಇಲ್ಲವೋ ಅವಳಿಗೂ ತಿಳಿದಂತಿರಲಿಲ್ಲ.

"ಕೇಳ್ದಾಗ ನೀನು ಹೇಳಿಬಿಟ್ರೆ ಅಂತ ಭಯ..." ಅವನು ಅಲ್ಲಿಗೇ ನಿಲ್ಲಿಸಿದ. "ಆಮೇಲೆ ನಾನೇನು ಮಾಡ್ಲಿ? ನಂಗೆ ಗೊತ್ತಿಲ್ಲಮ್ಮ."

"ನಂಗೂ ಗೊತ್ತಿಲ್ಲ."

ಮಗಳು ಹಿಡಿಕೆ ಬಿಟ್ಟು ಬಂದು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಏನಾಯ್ತು?" ಎಂದು ಇನ್ನೊಂದು ಸಲ ಕೇಳಿದಳು. ಈ ಸಲ ಅದು ಅವನ ದನಿಯಾಗಿರಲಿಲ್ಲ.

ಹೊರಗಿನಿಂದ ಮುಂದಿನ ಸರದಿಯವರು ಬಾಗಿಲು ತಟ್ಟಿದರು. ಮೂವರಲ್ಲಿ ಯಾರೂ ಏಳಲಿಲ್ಲ.