ಫೈರ್‌ವಾಲ್‌ಗೆ ಹಚ್ಚಿದ ಕುಂಕುಮ

ನಾನು ಒಂದು ಫೈರ್‌ವಾಲ್. ಹೆಸರು ಕೇಳಿ ಬೆಂಕಿ, ಗೋಡೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನೋಡಲು ಮಿಠಾಯಿ ಡಬ್ಬಿಯಷ್ಟೇ ಇದ್ದೇನೆ. ಬೂದು ಬಣ್ಣದ ತಗಡಿನ ಮೈ, ಮುಂದೆ ಐದು ಹಸಿರು ದೀಪ, ಹಿಂದೆ ವಾಯರ್ ಸಿಕ್ಕಿಸಲು ಎಂಟು ತೂತು. ಹೊರಗಿನ ಇಂಟರ್‌ನೆಟ್ಟಿಗೂ ಒಳಗಿನ ಕಂಪ್ಯೂಟರುಗಳಿಗೂ ನಡುವೆ ಕುಳಿತು, ಬಂದವರನ್ನೆಲ್ಲ ವಿಚಾರಿಸಿ, ಕಳ್ಳರನ್ನು ಹೊರಗೇ ನಿಲ್ಲಿಸುವುದು ನನ್ನ ಕೆಲಸ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಜಾಸ್ತಿ. ಸ್ವಂತ ಕಥೆಯಲ್ಲಿ ಸುಳ್ಳು ಹೇಳಿ ಏನು ಪ್ರಯೋಜನ?

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕೊನೆಯ ಪರೀಕ್ಷೆ ಮಾಡುತ್ತಿದ್ದ ಹೆಂಗಸು ನನ್ನ ಪಕ್ಕದವನ ಬೆನ್ನು ತಟ್ಟಿದಳು, ನನ್ನನ್ನು ಹಾಗೇ ಮುಂದೆ ತಳ್ಳಿದಳು. ನನ್ನ ಸಂಕಟ ಶುರುವಾದದ್ದೇ ಅಲ್ಲಿ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಅದಕ್ಕೇ ತಟ್ಟಿದಳು ಎಂದು ಹಡಗಿನಲ್ಲಿ ಬರುವಾಗ ಅವನೇ ಹೇಳಿದ. ಆದರೂ ತಟ್ಟಿದ್ದು ತಟ್ಟಿದ್ದೇ.

ಮೊದಲ ನಾಲ್ಕು ವರ್ಷ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿದ್ದೆ. ಪಾಠದ ಹೊತ್ತಿನಲ್ಲಿ ಕ್ರಿಕೆಟ್ ತೋರಿಸುವ ವೆಬ್‌ಸೈಟುಗಳನ್ನು ತಡೆಯುತ್ತಿದ್ದೆನಾದ್ದರಿಂದ ಹುಡುಗರು ನನಗೆ ಶಾಪ ಹಾಕುತ್ತಿದ್ದರು. ಅತಿಥಿಗಳು ಬಂದರೆ ಪ್ರಿನ್ಸಿಪಾಲರು ಹೊಸ ಪ್ರೊಜೆಕ್ಟರನ್ನು ತೋರಿಸುತ್ತಿದ್ದರು. ಆಮೇಲೆ ಕಾಲೇಜಿಗೆ ದೊಡ್ಡ ಫೈರ್‌ವಾಲ್ ಬಂತು, ನನ್ನನ್ನು ಗದಗಿನ ‘ನೆರವು’ ಎಂಬ ರಕ್ತನಿಧಿಗೆ ದಾನ ಕೊಟ್ಟರು. ದಾನದ ಫೋಟೋ ಪೇಪರಿನಲ್ಲಿ ಬಂದಿತ್ತು. ನಾನು ಪ್ರಿನ್ಸಿಪಾಲರ ಹಿಂದೆ ಮುಚ್ಚಿಹೋಗಿದ್ದೆ.

ರಕ್ತನಿಧಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಇದ್ದವಳು ನೀಲಾಂಬಿಕಾ ಒಬ್ಬಳೇ. ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ಊರಿನ ಆಸ್ಪತ್ರೆಗಳು ನಮ್ಮ ವೆಬ್‌ಸೈಟಿನಲ್ಲಿ ನೋಡುತ್ತಿದ್ದವು. ಅಪರೂಪದ ಗುಂಪಿನ ದಾನಿಗಳ ಹೆಸರು, ಫೋನ್ ನಂಬರುಗಳು ಒಳಗಿನ ಕಂಪ್ಯೂಟರಿನಲ್ಲಿದ್ದವು. ನೀಲಾ ನನ್ನನ್ನು ಅವುಗಳ ಮುಂದೆ ಕೂರಿಸಿ, ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಒಂದೊಂದಾಗಿ ಕಲಿಸಿದಳು. ದಿನಾ ಬೆಳಿಗ್ಗೆ ನನ್ನ ವರದಿ ಓದಿ, ಆಫೀಸ್ ನೋಡಿಕೊಳ್ಳುತ್ತಿದ್ದ ಹಿರಿಯರಾದ ಚಂದ್ರಾಮಪ್ಪನವರಿಗೆ ಹೇಳುತ್ತಿದ್ದಳು.

"ಕಾಕಾ, ನಿನ್ನೆ ನಾಕ್ ಸಾವಿರ ಸಲ ಕಳ್ಳರು ಬಾಗಿಲಾ ಬಡದಾರ ನೋಡ್ರಿ."

"ಯಾರರ ಒಳಗ ಬಂದ್ರೇನು?"

"ಯಾರೂ ಬಂದಿಲ್ರಿ."

"ಹಂಗಾದ್ರ ಏನಾತು?"

"ಏನೂ ಆಗಿಲ್ರಿ."

"ಏನೂ ಆಗದ್ದನ್ನ ದಿನಾ ಯಾಕ ಹೇಳ್ತಿಯವ್ವಾ?" ಎಂದು ಅವರು ನಗುತ್ತಿದ್ದರು.

ಅವಳೂ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ನನ್ನ ಕಣ್ಣು ಬಿದ್ದಿದ್ದು ಕೆಳಗಿದ್ದ ಯುಪಿಎಸ್ ಮೇಲೆ. ಕರೆಂಟು ಹೋದಾಗ ಅದು ಕುಂಯ್ ಎಂದು ಕೂಗುತ್ತಿತ್ತು. ರಕ್ತ ಇಡುವ ಫ್ರಿಜ್ ನಿಲ್ಲದೆ ನಡೆಯುತ್ತಿತ್ತು. "ಯುಪಿಎಸ್ ಇತ್ತು, ಬಚಾವ್ ಆದ್ವಿ" ಎಂದು ಎಲ್ಲರೂ ಹೊಗಳುತ್ತಿದ್ದರು. ಅದರ ಬ್ಯಾಟರಿಗೆ ತಿಂಗಳಿಗೊಮ್ಮೆ ನೀರು ಕುಡಿಸುತ್ತಿದ್ದರು. ವಾರಕ್ಕೊಂದು ಸಲ ಕೂಗುವ ಅದಕ್ಕೆ ಅಷ್ಟು ಉಪಚಾರ, ಕ್ಷಣಕ್ಷಣಕ್ಕೂ ಕಳ್ಳರನ್ನು ಅಟ್ಟುವ ನನಗೆ ಮೈಮೇಲೆ ಒಂದು ಬೆರಳು ಧೂಳು. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎನ್ನುವುದು ಸುಳ್ಳಲ್ಲ.

ಎಲ್ಲಕ್ಕಿಂತ ಸುಡುತ್ತಿದ್ದುದು ದಸರೆಯ ಖಂಡೇಪೂಜೆ. ಆ ದಿನ ಚಂದ್ರಾಮಪ್ಪನವರು ಯಂತ್ರಗಳನ್ನೆಲ್ಲ ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಆರತಿ ಬೆಳಗುತ್ತಿದ್ದರು. ಪೂಜೆಯಾದ ಮೇಲೆ ಮರುದಿನ ಬನ್ನಿ ಮುಡಿಯುವವರೆಗೆ ಅವುಗಳಿಗೆ ವಿಶ್ರಾಂತಿ, ಯಾರೂ ಮುಟ್ಟುವಂತಿಲ್ಲ. ಫ್ರಿಜ್ಜನ್ನೂ ಯುಪಿಎಸ್ಸನ್ನೂ ವೆಬ್‌ಸೈಟ್ ನಡೆಸುವ ಒಳಗಿನ ಕಂಪ್ಯೂಟರನ್ನೂ ಮಾತ್ರ ಆರಿಸುತ್ತಿರಲಿಲ್ಲ. "ಅವು ಜೀವದ ಕೆಲಸದವು, ನಡೀತಿರಬೇಕು" ಎಂದು ನಡೆಯುವಾಗಲೇ ಕುಂಕುಮ ಹಚ್ಚುತ್ತಿದ್ದರು. ಎರಡು ವರ್ಷ ಕಾದೆ. ಸ್ಟೇಪ್ಲರಿಗೂ ಹೂವು ಸಿಕ್ಕಿತು, ನನಗೆ ಸಿಗಲಿಲ್ಲ.

ಮೂರನೆಯ ವರ್ಷ ನೀಲಾ ಹಬ್ಬಕ್ಕೆ ಊರಿಗೆ ಹೋಗಿದ್ದಳು. ಧೂಳು ಹೊಡೆಯುತ್ತಿದ್ದ ಚಂದ್ರಾಮಪ್ಪನವರ ಕಣ್ಣಿಗೆ ನಾನು ಬಿದ್ದೆ.

"ಪಾಪ, ಇದು ವರ್ಷಾನಗಟ್ಟಲೆ ಮಿಣಿಮಿಣಿ ಅಂತ ದುಡದೈತಿ. ಇವತ್ತರ ಆರಾಮ ತಗೊಳ್ಳಲಿ" ಎಂದರು.

ನರ್ಸ್ ಕಸ್ತೂರಿ, "ಬಂದ್ ಮಾಡಿದ್ರ ವೆಬ್‌ಸೈಟ್ ನಿಂದರತೈತಲ್ರಿ?" ಎಂದು ಕೇಳಿದಳು.

"ನೀಲಾ ಒಮ್ಮೆ ಮಾಡಿದ್ದು ನೋಡೇನಿ. ಹೊರಗಿನ ವಾಯರ್ ಇದರಾಗಿಂದ ತಗದು ಸೀದಾ ಒಳಗಿನ ಕಂಪ್ಯೂಟರಿಗೆ ಹಾಕಿದ್ರ ಆತು."

ನೀಲಾ ಅದನ್ನು ಮಾಡಿದ್ದು ರಿಪೇರಿಗೆಂದು, ಎರಡು ನಿಮಿಷಕ್ಕೆ, ಪಕ್ಕದಲ್ಲೇ ನಿಂತು. ಇವರು ಮಾಡಿದ್ದು ಇಡೀ ಒಂದು ದಿನಕ್ಕೆ. ಬಾಗಿಲು ತೆರೆದಿಟ್ಟು ಕಾವಲುಗಾರನನ್ನು ಮಲಗಿಸಿದ ಹಾಗಾಯಿತು. ನನಗೆ ಅದು ಗೊತ್ತಿತ್ತು. ಆದರೆ ಆ ಬೆಚ್ಚಗಿನ ಕೈ ನನ್ನ ಧೂಳು ಒರೆಸುತ್ತಿತ್ತು, ಹಣೆಗೆ ಕುಂಕುಮ ಬಿತ್ತು, ತಲೆಯ ಮೇಲೆ ಹೂವು ಬಿತ್ತು. ದೀಪ ಆರುವ ಮೊದಲು ನಾನು ಯುಪಿಎಸ್ ಕಡೆಗೊಮ್ಮೆ ನೋಡಿದೆ. ನನಗೆ ವಿಶ್ರಾಂತಿ, ನೀನು ದುಡಿ ಎಂದುಕೊಂಡೆ. ಅಷ್ಟು ಸುಖವಾಗಿ ನಾನು ಎಂದೂ ಕಣ್ಣು ಮುಚ್ಚಿರಲಿಲ್ಲ.

ಮುಂದಿನದು ನಾನು ಆಮೇಲೆ ಕೇಳಿ ತಿಳಿದದ್ದು. ಸಂಜೆಯೊಳಗೆ ಕಳ್ಳರು ಬಂದಿದ್ದರು. ಬೆಳಿಗ್ಗೆ ನೋಡಿದರೆ ಕಂಪ್ಯೂಟರಿನ ಕಡತಗಳಿಗೆಲ್ಲ ಬೀಗ. ಹಣ ಕೊಟ್ಟರೆ ಕೀಲಿ ಕೊಡುತ್ತೇವೆಂದು ಪರದೆಯ ಮೇಲೆ ಓಲೆ.

ಅದೇ ಹೊತ್ತಿಗೆ ಮುಂಡರಗಿಯ ದಾವಲಸಾಬ ಓಡಿ ಬಂದ. ಅವನ ಹೆಂಡತಿ ರಾಜಾಬಿ ಹೆತ್ತಿದ್ದಳು, ರಕ್ತಸ್ರಾವ ನಿಂತಿರಲಿಲ್ಲ. ಅವಳದು ಬಾಂಬೆ ಗುಂಪು. ಸಾವಿರಾರು ಜನರಲ್ಲಿ ಒಬ್ಬರಿಗಿರುವ ರಕ್ತ ಅದು, ಬೇರೆ ಯಾವುದೂ ಅವಳಿಗೆ ಒಗ್ಗುವುದಿಲ್ಲ. ಆ ರಕ್ತದ ಐದು ಜನ ದಾನಿಗಳ ಹೆಸರು ಬೀಗದೊಳಗಿತ್ತು.

"ನಿಮ್ಮಲ್ಲಿ ಪಟ್ಟಿ ಐತಂತ ಡಾಕ್ಟರ್ ಹೇಳ್ಯಾರ್ರಿ" ಎಂದ ದಾವಲಸಾಬ.

"ಐತಪ್ಪಾ. ತಗಿಲಿಕ್ಕೆ ಬರವಲ್ದು" ಎಂದು ಚಂದ್ರಾಮಪ್ಪನವರು ಪರದೆ ತೋರಿಸಿದರಂತೆ.

ಫೋನಿನಲ್ಲಿ ಸುದ್ದಿ ತಿಳಿದ ನೀಲಾ ಸಿಕ್ಕ ಬಸ್ ಹತ್ತಿ ಬಂದಳು. ಪ್ರತಿ ಶುಕ್ರವಾರ ಎಲ್ಲವನ್ನೂ ಒಂದು ಸಣ್ಣ ಡಿಸ್ಕಿಗೆ ನಕಲು ಮಾಡಿ ಗದಗಿನ ತನ್ನ ಮನೆಯಲ್ಲಿಡುವುದು ಅವಳ ರೂಢಿ. ದಾರಿಯಲ್ಲಿ ಮನೆಗೆ ಹೋಗಿ ಅದನ್ನು ತಂದಳು, ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು. ನಾಲ್ಕು ನಂಬರಿಗೆ ಉತ್ತರವಿರಲಿಲ್ಲ. ಐದನೆಯವನು ಲಕ್ಷ್ಮೇಶ್ವರದ ಬಸ್ ಕಂಡಕ್ಟರ್. ಬನ್ನಿ ಹಂಚುವುದನ್ನು ಬಿಟ್ಟು ಬೈಕ್ ಹತ್ತಿದ. ರಾಜಾಬಿಗೆ ರಕ್ತ ಏರಿದ್ದು ಮಧ್ಯಾಹ್ನ ಮೂರಕ್ಕೆ. ಇನ್ನು ಅರ್ಧ ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರ್ ಹೇಳಿದರು.

ನನಗೆ ಎಚ್ಚರವಾದಾಗ ದಾವಲಸಾಬ ಅಳುತ್ತ ಆ ಡಿಸ್ಕನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಕಂಡಕ್ಟರನಿಗೆ, ನೀಲಾಗೆ, ಕಸ್ತೂರಿಗೆ ಕೈಮುಗಿದ. ಕುಂಕುಮ ಹೊತ್ತು ಕೂತಿದ್ದ ನನಗೆ ಎಲ್ಲಾದರೂ ಅಡಗಿಕೊಳ್ಳಬೇಕೆನಿಸಿತು. ವಾರಕ್ಕೊಂದು ದಿನ ಕೆಲಸ ಮಾಡುವ ಡಿಸ್ಕಿನ ಮೇಲೂ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ?

ಆಡಳಿತ ಮಂಡಳಿಯ ಸಭೆಯಲ್ಲಿ ಚಂದ್ರಾಮಪ್ಪನವರು, "ನನ್ನ ಕೈಲೇ ಆಗೇತ್ರಿ, ಕೆಲಸದಿಂದ ತಗದ ಬಿಡ್ರಿ" ಎಂದರು.

ನೀಲಾ ಎದ್ದು ನಿಂತಳು. "ಕಾಕಾರದು ಅಷ್ಟ ತಪ್ಪಲ್ರಿ. ಏನೂ ಆಗಿಲ್ಲ, ಏನೂ ಆಗಿಲ್ಲ ಅಂತ ದಿನಾ ಹೇಳಿದೆ. ಏನೂ ಆಗದಂಗ ಫೈರ್‌ವಾಲ್ ನೋಡಿಕೊಳ್ಳಾಕತ್ತೈತಿ ಅಂತ ಒಂದಿನಾನೂ ಹೇಳಲಿಲ್ಲ."

ಮುಂದಿನ ದಸರೆಗೆ ಚಂದ್ರಾಮಪ್ಪನವರು ಬಂದು ನನ್ನ ಧೂಳು ಒರೆಸಿದರು. ಆಮೇಲೆ ಉರಿಯುವ ದೀಪಗಳ ಪಕ್ಕದಲ್ಲಿ ಒಂದು ಬೊಟ್ಟು ಇಟ್ಟರು. ವಾಯರ್ ಮುಟ್ಟಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಹೊಸ ಕಳ್ಳರ ಹೊಸ ಉಪಾಯಗಳನ್ನು ಕಲಿಸುವ ಪಾಠಗಳು ನನ್ನ ಜಾತಿಗೆ ನಿಂತುಹೋಗಿವೆ. ನನ್ನ ಜಾಗದಲ್ಲಿ ಕಪ್ಪು ಬಣ್ಣದ ಹೊಸಬ ಕೂತಿದ್ದಾನೆ, ನಾನು ಎದುರಿನ ಗಾಜಿನ ಬೀರುವಿನಲ್ಲಿದ್ದೇನೆ. ಕೆಲಸವಿಲ್ಲದೆ ಕೂತರೆ ಬೇರೆಯವರ ಕೆಲಸ ಚೆನ್ನಾಗಿ ಕಾಣುತ್ತದೆ.

ನಿನ್ನೆ ಯಾರೋ ಒಬ್ಬ ರೈತ ಬಂದಿದ್ದ. ಅವನ ಅಣ್ಣನಿಗೂ ಅಪರೂಪದ ರಕ್ತವೇ ಬೇಕಿತ್ತು. ನೀಲಾ ಪಟ್ಟಿ ತೆರೆದಳು, ಫೋನ್ ಮಾಡಿದಳು, "ದಾನಿ ಹೊಂಟಾರ, ನೀವು ದವಾಖಾನಿಗೆ ನಡೀರಿ" ಎಂದಳು. ಎಲ್ಲ ಸೇರಿ ಐದು ನಿಮಿಷ. ಅವನು ಅಳಲಿಲ್ಲ, ಯಾರಿಗೂ ಕೈಮುಗಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಹೊಸ ಫೈರ್‌ವಾಲ್ ಕಡೆ ತಿರುಗಿಯೂ ನೋಡಲಿಲ್ಲ.

ಆ ಹೊಸಬನನ್ನು ನೋಡಿ ನನಗೆ ಹೊಟ್ಟೆ ಉರಿಯಿತು.